ಅಜ್ಜಿಯ ಭಾಷೆ ಗೊತ್ತಿದ್ದರೆ ಆಸ್ಪತ್ರೆ ಬೇಡವೇ? ಹಾಲಕ್ಕಿ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು

ಕೊರಳ ತುಂಬ ಮಣಿಸರ ತೊಟ್ಟ ಹಾಲಕ್ಕಿ ಅಜ್ಜಿಯ ಫೋಟೊ, ಕೆಳಗೆ ‘ಹಳೆಯ ಮಾತು, ಹಾಡು, ನಾಟಿ ಮದ್ದು ಉಳಿಸಿಕೊಂಡವರಿಗೆ ಡಾಕ್ಟರ್ ಬೇಡ’ ಎಂಬ ಅರ್ಥದ ಬರಹ. ಇಂಥ ಸಂದೇಶ ನಿಮಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧ ಅಪಾಯಕಾರಿ.

ಮೊದಲು ನಿಜ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದರು. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು ಎಂಬುದು ಅವರಿಗೆ ಬಾಯಿಪಾಠ. ಬಲಿತ, ಆರೋಗ್ಯವಂತ ಮರದಿಂದಲೇ ಬೀಜ ತೆಗೆಯಬೇಕು ಎಂದು ಅರಣ್ಯ ವಿಜ್ಞಾನವೂ ಹೇಳುತ್ತದೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದರು. ಕುಡಿತದಿಂದ ಗಂಡನನ್ನು ಕಳೆದುಕೊಂಡ ಅವರು ಸಾರಾಯಿ ವಿರುದ್ಧದ ಹೋರಾಟಕ್ಕೂ ಇಳಿದರು. ಆರೋಗ್ಯದ ದೃಷ್ಟಿಯಿಂದ ಅವರ ದೊಡ್ಡ ಕೆಲಸ ಇದೇ ಎನ್ನಬೇಕು. ಫಾರ್ವರ್ಡ್‌ಗಳಲ್ಲಿ ಮಾತ್ರ ಇದು ಕಾಣುವುದು ಕಡಿಮೆ. ಇಬ್ಬರಿಗೂ ಪದ್ಮಶ್ರೀ ಬಂದಿತ್ತು. 2024ರ ಡಿಸೆಂಬರ್ 16ರಂದು ತುಳಸಿ ಗೌಡರು, 2025ರ ಫೆಬ್ರವರಿ 13ರಂದು ಸುಕ್ರಜ್ಜಿ ತೀರಿಕೊಂಡರು.

ಭಾಷೆಗೂ ಆರೋಗ್ಯಕ್ಕೂ ನಂಟಿದೆಯೇ? ಉತ್ತರ ಅಮೆರಿಕದ ಒಜಿಬ್ವೆ ಮೂಲನಿವಾಸಿಗಳು ಒಳ್ಳೆಯ ಬದುಕಿಗೆ ‘ಮಿನೊ ಬಿಮಾದಿಜಿವಿನ್’ ಎನ್ನುತ್ತಾರೆ. ಅದನ್ನು ಕಲಿಯುವ ದಾರಿಯೇ ತಮ್ಮ ಭಾಷೆ ಎಂಬುದು ಅವರ ನಂಬಿಕೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬೇರೆ ಮೂಲನಿವಾಸಿ ಸಮುದಾಯಗಳ ಬಗ್ಗೆ ನಡೆದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಭಾಷೆಯಲ್ಲಿ ಮಾತಾಡಬಲ್ಲ ಕಡೆ ಯುವಜನರ ಆತ್ಮಹತ್ಯೆ ಬಹಳ ಕಡಿಮೆಯಿತ್ತು. ಭಾಷೆಯೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಭಾಷೆ ಉಳಿದ ಕಡೆ ಒಗ್ಗಟ್ಟು, ನೆಲದ ಹಕ್ಕು ಕೂಡ ಉಳಿದಿರಬಹುದು.

ನೆಲದ ಮಾತು ಬಂದಾಗ ಅರ್ಗಾ ನೆನಪಾಗುತ್ತದೆ. ಕಾರವಾರ–ಅಂಕೋಲಾ ಹೆದ್ದಾರಿಯ ಈ ಊರು ಈಗ ಕದಂಬ ನೌಕಾನೆಲೆಯಿಂದ ಪರಿಚಿತ. ಸೀಬರ್ಡ್ ಯೋಜನೆಗಾಗಿ ಈ ಕರಾವಳಿಯ ಮೀನುಗಾರರು, ರೈತರು ಊರು ಬಿಡಬೇಕಾಯಿತು. ಗದ್ದೆ, ಬೇಣ, ಹಳ್ಳಗಳಿಗೆ ಹೆಸರಿರುತ್ತದೆ. ಯಾವ ಬೇಲಿಯಲ್ಲಿ ಯಾವ ಬೇರು ಸಿಗುತ್ತದೆ ಎಂಬುದು ಆ ಹೆಸರಿನೊಂದಿಗೇ ನೆನಪಾಗುವಂಥದ್ದು. ಪರಿಹಾರದ ಅರ್ಜಿಯಲ್ಲಿ ಇದನ್ನು ಬರೆಯಲು ಕಾಲಂ ಇರುವುದಿಲ್ಲ.

ಇನ್ನು ಅಪಾಯದ ಅರ್ಧ. ಅಂಕೋಲಾದ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಮದ್ದಿಗೆ ಹೆಸರಾದ ಊರು. ಲಕ್ವ ಹೊಡೆದ ಕೂಡಲೇ ಯಾರೋ ಅಲ್ಲಿನ ವಿಳಾಸ ಫಾರ್ವರ್ಡ್ ಮಾಡುತ್ತಾರೆ. ಆದರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದೂ, ಮೆದುಳಿನಲ್ಲಿ ರಕ್ತಸ್ರಾವವಾಗಿಲ್ಲ ಎಂದು ಸ್ಕ್ಯಾನ್‌ನಲ್ಲಿ ಖಚಿತವಾದ ಮೇಲೆ. ಬಾಯಿ ಸೊಟ್ಟಗಾಯಿತೇ, ಒಂದು ಕೈ ಎತ್ತಲಾಗುತ್ತಿಲ್ಲವೇ, ಮಾತು ತೊದಲುತ್ತಿದೆಯೇ? ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ಹಾವು ಕಚ್ಚಿದರೂ ಅಷ್ಟೇ: ವಿಷಕ್ಕೆ ಆಸ್ಪತ್ರೆಯ ಪ್ರತಿವಿಷವೇ ಮದ್ದು.

ಮನೆಯಲ್ಲಿ ಗಿಡ ಬಲ್ಲ ಅಜ್ಜಿ ಇದ್ದರೆ, ಫಾರ್ವರ್ಡ್ ಮಾಡುವ ಫೋನಿನಲ್ಲೇ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಗಿಡವನ್ನು ಅವರು ಕರೆಯುವ ಹೆಸರು, ಸಿಗುವ ಜಾಗ, ತಿಂಗಳು, ಎಲೆಯ ಫೋಟೊ ಎಲ್ಲವೂ ಇರಲಿ. ಅವರದೇ ಮಾತಿನಲ್ಲಿರಲಿ, ತಿದ್ದಬೇಡಿ.