ಏಕಚರ ರೇಖಾತ್ಮಕ ಸಮೀಕರಣ

ಒಂದೇ ಚರಾಕ್ಷರವನ್ನು ಹೊಂದಿದ್ದು, ಅದರ ಗರಿಷ್ಠ ಘಾತ 1 ಆಗಿರುವ ಸಮೀಕರಣವನ್ನು ಏಕಚರ ರೇಖಾತ್ಮಕ ಸಮೀಕರಣ ಎನ್ನುತ್ತಾರೆ. ಶಾಲಾ ಪಾಠಗಳಲ್ಲಿ ಇದು ಸರಳ ಸಮೀಕರಣ ಎಂದೂ ಪರಿಚಿತವಾಗಿದೆ. ಸಮೀಕರಣದ ಎರಡೂ ಬದಿಗಳನ್ನು ಸಮವಾಗಿಸುವ ಚರಾಕ್ಷರದ ಬೆಲೆಯೇ ಅದರ ಪರಿಹಾರ. ಈ ಲೇಖನದಲ್ಲಿ ಚರಾಕ್ಷರವನ್ನು 'ಯ' ಎಂದು ಸೂಚಿಸಲಾಗಿದೆ.

ಮೂಲತತ್ತ್ವ

ಸಮೀಕರಣವನ್ನು ತಕ್ಕಡಿಗೆ ಹೋಲಿಸುವುದು ವಾಡಿಕೆ. ಎರಡೂ ತಟ್ಟೆಗಳಿಗೆ ಒಂದೇ ತೂಕವನ್ನು ಸೇರಿಸಿದರೂ ತೆಗೆದರೂ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ. ಅಂತೆಯೇ ಎರಡೂ ಬದಿಗಳಿಗೆ ಒಂದೇ ಸಂಖ್ಯೆಯನ್ನು ಕೂಡಿದರೆ ಅಥವಾ ಕಳೆದರೆ, ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಸಮತೆ ಕೆಡುವುದಿಲ್ಲ, ಪರಿಹಾರವೂ ಬದಲಾಗುವುದಿಲ್ಲ.

ಬಿಡಿಸುವ ಕ್ರಮ

12ನೆಯ ಶತಮಾನದ ಎರಡನೆಯ ಭಾಸ್ಕರಾಚಾರ್ಯನ 'ಬೀಜಗಣಿತ'ದಲ್ಲಿ ಬರುವ ಸಮಸ್ಯೆಯೊಂದರ ಸಾರಾಂಶ ಹೀಗಿದೆ: ಒಬ್ಬನ ಬಳಿ 6 ಕುದುರೆಗಳೂ 300 ನಾಣ್ಯಗಳೂ ಇವೆ. ಇನ್ನೊಬ್ಬನ ಬಳಿ 10 ಕುದುರೆಗಳಿದ್ದು, 100 ನಾಣ್ಯಗಳ ಸಾಲವಿದೆ. ಇಬ್ಬರ ಸಂಪತ್ತೂ ಸಮ. ಎಲ್ಲ ಕುದುರೆಗಳ ಬೆಲೆಯೂ ಒಂದೇ. ಹಾಗಾದರೆ ಒಂದು ಕುದುರೆಯ ಬೆಲೆಯೆಷ್ಟು?

ಬೆಲೆಯನ್ನು 'ಯ' ಎಂದಿಟ್ಟುಕೊಂಡರೆ:

6ಯ + 300 = 10ಯ − 100
ಎರಡೂ ಬದಿಯಿಂದ 6ಯ ಕಳೆದಾಗ: 300 = 4ಯ − 100
ಎರಡೂ ಬದಿಗೆ 100 ಕೂಡಿದಾಗ: 400 = 4ಯ
ಎರಡೂ ಬದಿಯನ್ನು 4ರಿಂದ ಭಾಗಿಸಿದಾಗ: 100 = ಯ

ತಾಳೆ: ಎಡಬದಿ 600 + 300 = 900; ಬಲಬದಿ 1000 − 100 = 900.

ಪಕ್ಷಾಂತರ

ಮೇಲಿನ ಲೆಕ್ಕದಲ್ಲಿ ಬಲಬದಿಯ −100 ಎಡಬದಿಗೆ ಬಂದು +100 ಆದಂತೆ ತೋರುತ್ತದೆ. ಇದನ್ನೇ ಪಕ್ಷಾಂತರ ಎನ್ನುತ್ತಾರೆ. ವಾಸ್ತವದಲ್ಲಿ ಯಾವ ಪದವೂ ಚಲಿಸುವುದಿಲ್ಲ. ಎರಡೂ ಬದಿಗೆ 100 ಕೂಡಿದ್ದರ ಫಲವದು. ಈ ಕಾರಣವನ್ನು ಅರಿಯದೆ 'ಬದಿ ಬದಲಾದರೆ ಚಿಹ್ನೆ ಬದಲಾಗುತ್ತದೆ' ಎಂಬುದನ್ನಷ್ಟೇ ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು 4ಯ = 400 ಎಂಬಲ್ಲಿ ಯ = 400 − 4 ಎಂದು ಬರೆಯುವುದುಂಟು. ಇಲ್ಲಿ 4 ಎಂಬುದು 'ಯ'ದೊಡನೆ ಗುಣಾಕಾರದಲ್ಲಿರುವ ಸಹಗುಣಕ. ಅದನ್ನು ನಿವಾರಿಸಲು ಭಾಗಾಕಾರವೇ ಬೇಕು. ತಪ್ಪಾಗಿ ಬಂದ 396ನ್ನು ಮೂಲ ಸಮೀಕರಣದಲ್ಲಿ ಆದೇಶಿಸಿದರೆ ಎಡಬದಿ 2676, ಬಲಬದಿ 3860 ಆಗಿ ದೋಷ ಕೂಡಲೇ ಬಯಲಾಗುತ್ತದೆ. ಆದ್ದರಿಂದ ತಾಳೆ ನೋಡುವುದು ಪರಿಹಾರದ ಅವಿಭಾಜ್ಯ ಅಂಗ.

ವಿಶೇಷ ಸಂದರ್ಭಗಳು

ಸರಳಗೊಳಿಸುವಾಗ ಚರಾಕ್ಷರವೇ ರದ್ದಾಗಬಹುದು. 2ಯ + 3 = 2ಯ + 5 ಎಂಬುದು 3 = 5 ಎಂಬ ಅಸತ್ಯಕ್ಕೆ ಇಳಿಯುವುದರಿಂದ ಅದಕ್ಕೆ ಪರಿಹಾರವಿಲ್ಲ. 2(ಯ + 3) = 2ಯ + 6 ಎಂಬುದು 'ಯ'ದ ಎಲ್ಲ ಬೆಲೆಗಳಿಗೂ ಸತ್ಯ; ಇಂಥದ್ದನ್ನು ನಿತ್ಯಸಮೀಕರಣ ಎನ್ನುತ್ತಾರೆ.

ಇತಿಹಾಸ

ಪ್ರಾಚೀನ ಈಜಿಪ್ಟಿನ ರಿಂಡ್ ಪಪೈರಸ್‌ನಲ್ಲಿ ಇಂತಹ ಸಮಸ್ಯೆಗಳಿವೆ. ಒಂದು ರಾಶಿಗೆ ಅದರ ಏಳನೆಯ ಒಂದು ಭಾಗವನ್ನು ಕೂಡಿದರೆ 19 ಆಗುವಂತೆ ಆ ರಾಶಿಯನ್ನು ಕಂಡುಹಿಡಿಯುವುದು ಅವುಗಳಲ್ಲೊಂದು. ಕ್ರಿ.ಶ. 499ರ ಕಾಲದ 'ಆರ್ಯಭಟೀಯ'ವು ವ್ಯಕ್ತ ಸಂಖ್ಯೆಗಳ ವ್ಯತ್ಯಾಸವನ್ನು ಅವ್ಯಕ್ತಗಳ ವ್ಯತ್ಯಾಸದಿಂದ ಭಾಗಿಸುವ ನಿಯಮವನ್ನು ನೀಡುತ್ತದೆ. ಅದರಂತೆ ಮೇಲಿನ ಸಮಸ್ಯೆಯಲ್ಲಿ 400ನ್ನು 4ರಿಂದ ಭಾಗಿಸಿದರೆ ಉತ್ತರ ನೇರವಾಗಿ ದೊರೆಯುತ್ತದೆ. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿಯೂ ಈ ವಿಷಯವಿದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಅಜ್ಞಾತ ರಾಶಿಯ ಭಾಗಗಳನ್ನು ಕುರಿತ ಅನೇಕ ಲೆಕ್ಕಗಳಿವೆ. ಭಾರತೀಯ ಗಣಿತಜ್ಞರು ಅವ್ಯಕ್ತವನ್ನು 'ಯಾವತ್ತಾವತ್' ಎಂದು ಕರೆದು, 'ಯಾ' ಎಂದು ಸಂಕ್ಷೇಪಿಸುತ್ತಿದ್ದರು. ಇಂದು ಬಳಕೆಯಲ್ಲಿರುವ ಸಮ ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಳಕೆಗೆ ತಂದನು.