ಕಲ್ಲಿನ ಮೇಲೆ ಮೂಡಿದ ಬಿಸಿಲು

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟದ್ದು ಕಲ್ಲಚ್ಚಿನಲ್ಲಿ ಎಂಬುದು ನಮ್ಮ ಸಂಘದ ಹಿರಿಯರಿಗೆಲ್ಲ ತಿಳಿದದ್ದೇ. ಅದೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಅದೇ ಕಲ್ಲಚ್ಚಿನಿಂದ ಬೇರೊಂದು ಸಾಹಸ ನಡೆದಿತ್ತು. ಅಲ್ಲಿ ಅಚ್ಚಾಗಬೇಕಾಗಿದ್ದುದು ಅಕ್ಷರವಲ್ಲ, ಬಿಸಿಲು.

ಈ ವಿದ್ಯೆಯನ್ನು 1798ರ ಸುಮಾರಿಗೆ ಕಂಡುಹಿಡಿದವನು ಮ್ಯೂನಿಕ್ಕಿನ ಅಲೋಯಿಸ್ ಸೆನೆಫೆಲ್ಡರ್. ಆತ ನಾಟಕಕಾರ, ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚುಮಾಡುವ ದಾರಿ ಹುಡುಕುತ್ತಿದ್ದವನು. ಗುಟ್ಟು ನಮ್ಮ ಅಡಿಗೆಮನೆಯದೇ: ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಬವೇರಿಯದ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆದು, ಕೊಂಚ ನೈಟ್ರಿಕ್ ಆಮ್ಲ ಬೆರೆಸಿದ ಗೋಂದು ಸವರಿ, ಕಲ್ಲನ್ನು ಒದ್ದೆಮಾಡಿ ಮಸಿ ಉರುಳಿಸಿದರೆ ಜಿಡ್ಡಿದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ. ಬಿ.ಎಸ್ಸಿ. ತರಗತಿಯಲ್ಲಿ ಯಾರಾದರೂ ಇದನ್ನು ತೋರಿಸಿದ್ದರೆ ರಸಾಯನಶಾಸ್ತ್ರ ನನಗೆ ಇನ್ನಷ್ಟು ರುಚಿಸುತ್ತಿತ್ತೋ ಏನೋ!

ಚಿತ್ರಕ್ಕಾಗಿ ಕಲ್ಲಿನ ಮೈಯನ್ನು ಮರಳಿನಿಂದ ಉಜ್ಜಿ ತರಿತರಿಯಾಗಿಸುತ್ತಿದ್ದರು. ಕಡ್ಡಿಯನ್ನು ಹಗುರವಾಗಿ ಆಡಿಸಿದರೆ ತರಿಯ ತುದಿಗಳಿಗಷ್ಟೇ ಜಿಡ್ಡು, ಒತ್ತಿದರೆ ಸಂದುಗಳಿಗೂ. ಹೀಗೆ ಒಂದೇ ಕಪ್ಪು ಮಸಿಯಿಂದ ಬೂದುಬಣ್ಣದ ಬಗೆಬಗೆಯ ಛಾಯೆಗಳು. ಆದರೂ ಚಿತ್ರ ಮಂಕು. ಬೆಳಕು ಎಲ್ಲಿಂದ ತರುವುದು? ಲಂಡನ್ನಿನ ಮುದ್ರಕ ಚಾರ್ಲ್ಸ್ ಹಲ್‌ಮಂಡೆಲ್ ಇದಕ್ಕೆ ಎರಡನೆಯ ಕಲ್ಲನ್ನು ಪಳಗಿಸಿದ. ಅದರಿಂದ ಚಿತ್ರದ ತುಂಬ ತಿಳಿಗಂದು ಬಣ್ಣ ಹರಡುವುದು. ಬೆಳಕು ಬೇಕಾದಲ್ಲಿ ಕಲ್ಲಿನ ಜಿಡ್ಡನ್ನು ಕೆರೆದುಬಿಡುವುದು. ಅಲ್ಲಿ ಬರಿಯ ಕಾಗದವೇ ಉಳಿದು ಮೋಡದ ಅಂಚಾಗುತ್ತದೆ, ಗೋಡೆಯ ಬಿಸಿಲಾಗುತ್ತದೆ. ಏನನ್ನೂ ಹಚ್ಚದೆ ಬೆಳಕು ತಂದ ಈ ಜಾಣತನ ನನಗೆ ಬಲು ಮೆಚ್ಚುಗೆ. 1840ರಲ್ಲಿ ಆತ ಕುಂಚದಿಂದಲೇ ಕಲ್ಲಿಗೆ ತೆಳುಮಸಿ ಬಳಿಯುವ ವಿಧಾನಕ್ಕೆ ಪೇಟೆಂಟನ್ನೂ ಪಡೆದ.

ಈ ಕಲೆಯ ಶಿಖರವೆಂದರೆ ಡೇವಿಡ್ ರಾಬರ್ಟ್ಸನ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಚಿತ್ರಗಳು. ಅವನು ಪ್ರವಾಸ ಮಾಡಿದ್ದು 1838-39ರಲ್ಲಿ. ಸಂಪುಟಗಳು ಬಂದದ್ದು 1842ರಿಂದ 1849ರವರೆಗೆ. ಆದರೆ ಅವನ್ನು ಕಲ್ಲಿನ ಮೇಲೆ ಬರೆದವನು ರಾಬರ್ಟ್ಸನಲ್ಲ, ಬೆಲ್ಜಿಯಂನಿಂದ ಬಂದ ಲೂಯಿ ಹಾಗ್. ಹುಟ್ಟಿನಿಂದಲೇ ಅವನ ಬಲಗೈ ಊನವಾಗಿತ್ತು. ಸುಮಾರು 250 ಚಿತ್ರಗಳನ್ನು ಎಡಗೈಯಿಂದಲೇ ಬರೆದ. ಅದೂ ಎಡಬಲ ತಿರುಗಿಸಿ, ಏಕೆಂದರೆ ಅಚ್ಚಿನಲ್ಲಿ ಎಲ್ಲವೂ ಅದಲುಬದಲು. ಇಂದಿಗೂ ಜನ ಅವನ್ನು ರಾಬರ್ಟ್ಸನ ಚಿತ್ರಗಳೆಂದೇ ಕೊಳ್ಳುತ್ತಾರೆ.

ಒಳ್ಳೆಯ ಕಲ್ಲು ದುಬಾರಿ. ಬೇಕಾದಷ್ಟು ಪ್ರತಿ ತೆಗೆದಾದ ಮೇಲೆ ಚಿತ್ರವನ್ನು ಉಜ್ಜಿ ಅಳಿಸಿ, ಅದೇ ಕಲ್ಲನ್ನು ಮತ್ತೊಂದಕ್ಕೆ ಬಳಸುವುದು ಆ ಮುದ್ರಣಾಲಯಗಳ ವಾಡಿಕೆಯಾಗಿತ್ತು.