ಶಿಕ್ಷೆ ಮುಗಿದರೂ ಮುಗಿಯದ ಕಾವಲು

ತಪ್ಪು ಮಾಡಿದವನು ಜೈಲಿಗೆ ಹೋದ, ಶಿಕ್ಷೆ ಅನುಭವಿಸಿ ಹೊರಗೆ ಬಂದ. ಅಲ್ಲಿಗೆ ಲೆಕ್ಕ ಚುಕ್ತಾ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಪೋಲೀಸರ ಪುಸ್ತಕದಲ್ಲಿ ಅವನ ಹೆಸರಿನ ಹಾಳೆ ಹಾಗೇ ಇರುತ್ತದೆ. ಊರಲ್ಲಿ ಏನು ಕಳುವಾದರೂ ಮೊದಲು ಆ ಮನೆಯ ಬಾಗಿಲು ಬಡಿಯುತ್ತದೆ: 'ರಾತ್ರಿ ಎಲ್ಲಿಗ್ಲಾ ಹೋಗಿದ್ದೆ?' ಈ ಪ್ರಶ್ನೆಗೆ ಒಂದೂವರೆ ಶತಮಾನದ ಚರಿತ್ರೆ ಇದೆ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತಂದರು. ಅದಕ್ಕೆ ಅಪರಾಧವೇ ಬೇಕಿರಲಿಲ್ಲ, ಹುಟ್ಟು ಸಾಕಾಗಿತ್ತು. ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಊರು ಬಿಡಲು ಪಾಸು ಬೇಕು. ಕೊರಚರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಿದ್ದ ಜನ. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲು ಮದ್ದೂರು, ಮಂಡ್ಯ ಹಾದು ಹೋಯಿತು. ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ. ರೈಲು ಓಡಿದ ಕಡೆಯೆಲ್ಲ ಎತ್ತಿನ ಹೇರಿಗೆ ಬೆಲೆ ಹೋಯಿತು. ಕಸುಬು ಕಿತ್ತುಕೊಂಡವರೇ, ಕಸುಬಿಲ್ಲದೆ ಅಲೆಯುವವನಿಗೆ ಕಳ್ಳ ಅಂತ ಹೆಸರಿಟ್ಟರು. ಬೊಂಬಾಯಿ ಪ್ರಾಂತ್ಯದವರು ಹುಬ್ಬಳ್ಳಿಯಲ್ಲಿ ತಂತಿಬೇಲಿ ಹಾಕಿ ಕೂಡಿಟ್ಟ ಜಾಗಕ್ಕೆ ಜನ ಈಗಲೂ ಸೆಟ್ಲಮೆಂಟ್ ಅಂತಲೇ ಅನ್ನುತ್ತಾರೆ.

1952ರ ಆಗಸ್ಟ್ 31ರಂದು ಆ ಕಾಯಿದೆ ಹೋಯಿತು. ಆದರೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆ ಮಾಡಿಕೊಂಡವು. ನಮ್ಮ ರಾಜ್ಯವೂ 1961ರಲ್ಲಿ ಮಾಡಿತು. ಜಾತಿಯ ಹೆಸರು ಕಾಗದದಿಂದ ಅಳಿಯಿತು, ಪೇದೆಯ ತಲೆಯಿಂದ ಅಳಿಯಿತೆ?

ಕೋರ್ಟುಗಳು ಏನು ಹೇಳಿದವು, ನೋಡೋಣ.

ಉತ್ತರಪ್ರದೇಶದ ಖರಕ್ ಸಿಂಗ್ ಎಂಬುವನನ್ನು 1941ರಲ್ಲಿ ಡಕಾಯಿತಿ ಕೇಸಿನಲ್ಲಿ ಹಿಡಿದು, ಸಾಕ್ಷಿ ಇಲ್ಲವೆಂದು ಬಿಟ್ಟಿದ್ದರು. ಬಿಟ್ಟರೂ ಹಿಸ್ಟರಿ ಶೀಟ್ ತೆರೆದರು. ನಡುರಾತ್ರಿ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರಾತ್ರಿಯ ಆ ಭೇಟಿಯನ್ನು ರದ್ದು ಮಾಡಿತು. ಮಿಕ್ಕ ಕಾವಲನ್ನು ಹಾಗೇ ಬಿಟ್ಟಿತು. ಖಾಸಗಿತನ ಮೂಲಭೂತ ಹಕ್ಕಲ್ಲ ಅಂದಿತು. ಇಡೀ ನಿಯಮವೇ ಸಂವಿಧಾನಕ್ಕೆ ವಿರುದ್ಧ ಅಂದವರು ನ್ಯಾಯಮೂರ್ತಿ ಸುಬ್ಬರಾವ್ ಮತ್ತು ಷಾ ಇಬ್ಬರೇ. 1975ರಲ್ಲಿ ಮಧ್ಯಪ್ರದೇಶದ ಗೋವಿಂದನ ಕೇಸಿನಲ್ಲಿ ಕೋರ್ಟು ನಿಯಮವನ್ನು ಉಳಿಸಿತು, ಆದರೆ ಸಮಾಜಕ್ಕೆ ನಿಜವಾಗಿ ಅಪಾಯ ಇರುವವನ ಮೇಲೆ ಮಾತ್ರ ನಿಗಾ ಇರಲಿ ಅಂದಿತು. 1980ರ ಡಿಸೆಂಬರಿನಲ್ಲಿ ಮಲಕ್ ಸಿಂಗ್ ಕೇಸು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ತೀರ್ಪು ಬರೆದರು. ಮುಂದೆ ನಮ್ಮ ರಾಜ್ಯದ ಮೂರನೇ ಹಿಂದುಳಿದ ವರ್ಗಗಳ ಆಯೋಗ ನಡೆಸಿದವರು ಇವರೇ. ಪೋಲೀಸರ ಮನಸ್ಸಿಗೆ ಬಂದವರ ಹೆಸರು ಬರೆಯುವಂತಿಲ್ಲ, ತಕ್ಕ ಕಾರಣ ಬೇಕು, ನಿಗಾ ಮನುಷ್ಯನ ಘನತೆ ಮುಟ್ಟಬಾರದು ಎಂದರು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೇ ಎಂದು ಸಾರಿದರು. ಖರಕ್ ಸಿಂಗ್ ತೀರ್ಪಿನ ಆ ಮಾತು ಬಿದ್ದುಹೋಯಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಾವು ಕೇರಿಯಲ್ಲಿ ಆಡುತ್ತಿದ್ದ ಮಾತನ್ನೇ ಆಡಿತು: ಹಿಂದುಳಿದ, ಪರಿಶಿಷ್ಟ ಜಾತಿ, ಪಂಗಡದ ನಿರಪರಾಧಿಗಳ ಮೇಲೂ ಯಾಂತ್ರಿಕವಾಗಿ ಹಿಸ್ಟರಿ ಶೀಟ್ ತೆರೆಯುತ್ತಾರಂತೆ; ಇದು ನಿಲ್ಲಬೇಕು, ಮೇಲಧಿಕಾರಿ ಆಗಾಗ ತಪಾಸಣೆ ಮಾಡಬೇಕು.

ಹಾಗಾದರೆ ನಿಗಾ ಬೇಡವೇ ಬೇಡವೆ? ಹಾಗೆ ಹೇಳಲು ನಮಗೆ ಬಾಯಿಲ್ಲ. ಹೆಣ್ಣುಮಕ್ಕಳ ಮೇಲೆ ಮತ್ತೆ ಮತ್ತೆ ಕೈಮಾಡಿದವನು ಜೈಲಿಂದ ಬಂದರೆ ಹೆದರುವವರು ನಮ್ಮ ಅಕ್ಕತಂಗಿಯರೇ. ನಾವು ಕೇಳುವುದು ಇಷ್ಟು: ಯಾರು ಅಪಾಯ ಅಂತ ನಿರ್ಧರಿಸುವವರು ಯಾರು? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 2003ರ ಕಾಯಿದೆಯಂತೆ, ಶಿಕ್ಷೆ ಮುಗಿದ ಅತ್ಯಾಚಾರಿಯ ಮೇಲೆ ನಿಗಾ ಹಾಕಬೇಕಾದರೆ ನ್ಯಾಯಾಧೀಶರ ಮುಂದೆ ಮನೋವೈದ್ಯರ ವರದಿ ಇಡಬೇಕು, ಅವನೂ ವಾದ ಮಾಡಬಹುದು. ಆ ಕಾಯಿದೆ ಅವನನ್ನು ಒಳಗೇ ಇಡಲೂ ಬಿಡುತ್ತದೆ. ಅದನ್ನು 2004ರಲ್ಲಿ ಅಲ್ಲಿನ ಹೈಕೋರ್ಟು ಎತ್ತಿಹಿಡಿದದ್ದು ನಮಗೆ ಪೂರಾ ಒಪ್ಪಿಗೆ ಅಂತಲ್ಲ. ಆದರೂ ಅಲ್ಲಿ ಕೋರ್ಟಾದರೂ ಇದೆ. ನಮ್ಮಲ್ಲೂ 1973ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 356ನೇ ಕಲಮಿತ್ತು. ಗಂಭೀರ ಅಪರಾಧದಲ್ಲಿ ಮತ್ತೆ ಶಿಕ್ಷೆಯಾದವನು ಬಿಡುಗಡೆಯ ನಂತರ ವಿಳಾಸ ತಿಳಿಸುತ್ತಿರಬೇಕೆಂದು ಕೋರ್ಟು ಹೇಳಬಹುದಿತ್ತು, ಐದು ವರ್ಷ ಮೀರದಂತೆ. ಕೋರ್ಟು ಹಾಕುವ ನಿಗಾಕ್ಕೆ ಗಡಿ ಇದೆ, ಪೋಲೀಸರ ಹಾಳೆಗೆ ಮಾತ್ರ ಯಾಕಿಲ್ಲ?

ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿ ಮೇಷ್ಟರುಗಳೇ, ವಿದ್ಯಾರ್ಥಿ ಗೆಳೆಯರೇ, ತೀರ್ಪುಗಳು ದಿಲ್ಲಿಯಿಂದ ಕೇರಿಗೆ ನಡೆದು ಬರುವುದಿಲ್ಲ, ನಾವೇ ತರಬೇಕು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ ಸಿಗುತ್ತಾರೆ. ಕೊರಮ, ಕೊರಚರೂ ನಮ್ಮ ರಾಜ್ಯದ ಆ ಪಟ್ಟಿಯಲ್ಲೇ ಇದ್ದಾರೆ. ಹಾಳೆ ಯಾಕೆ ತೆರೆದಿರಿ, ಕಾರಣ ಏನು, ಯಾವಾಗ ಮುಚ್ಚುತ್ತೀರಿ, ಬರೆದು ಕೊಡಿ ಅಂತ ಅರ್ಜಿ ಹಾಕಿಸಿ. ಅಕ್ಷರ ಬಲ್ಲವರ ಕೆಲಸ ಇದು. ನಮ್ಮವರ ಹೆಸರನ್ನು ಅವರು ಬರೆದಿಟ್ಟುಕೊಂಡದ್ದೂ ಅಕ್ಷರದಲ್ಲೇ ಅಲ್ಲವೆ?